40 ಟನ್ ಕಬ್ಬು ಹೋದರೂ ಗದ್ದೆ ಯಾಕೆ ಗುಂಡಿ ಬೀಳಲ್ಲ? ಮಗಳ ಪ್ರಶ್ನೆ, ಉತ್ತರ ಗೊತ್ತಿದ್ದವರು ಹೇಳಿ

ಕೂಳೆಕಬ್ಬು (ಮಂಡ್ಯ)
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ನನ್ನದಲ್ಲ, ಮಗಳದ್ದು. ಏಳನೇ ಕ್ಲಾಸು.

ಮೊನ್ನೆ ಕಬ್ಬು ಕಡಿಸಿದೆವು. ಒಂದು ಎಕರೆ. ತೂಕದ ಚೀಟಿಗಳನ್ನೆಲ್ಲ ಅವಳ ಕೈಗೆ ಕೊಟ್ಟು ಕೂಡು ಅಂದೆ. 40 ಟನ್‌ಗೆ ಚೂರು ಕಮ್ಮಿ ಬಂತು. ಕೂಡಿ ಮುಗಿಸಿದವಳು ಪೆನ್ನು ಕಚ್ಚಿಕೊಂಡು ಕೇಳಿದಳು: "ಅಪ್ಪ, ಹೋದ ವರ್ಷನೂ ಇಷ್ಟೇ ಹೋಯ್ತು. ಅದರ ಹಿಂದಿನ ವರ್ಷನೂ ಹೋಯ್ತು. ಹಂಗಾದ್ರೆ ನಮ್ಮ ಗದ್ದೆ ಯಾಕೆ ಗುಂಡಿ ಬಿದ್ದಿಲ್ಲ?"

ಗೊಬ್ಬರ ಹಾಕ್ತೀವಲ್ಲ ಮಗಾ, ಅದೇ ಕಬ್ಬಾಗುತ್ತೆ ಅಂದೆ. ಎಷ್ಟು ಮೂಟೆ ಅಂದಳು. ಹತ್ತು ಅಂದೆ. "ಅರ್ಧ ಟನ್ ಹಾಕಿ 40 ಟನ್ ತೆಗೀತೀಯಾ?" ಅಂದಳು. ನೀರು ಕಣವ್ವ, ರಸ ಎಲ್ಲ ನೀರೇ ಅಂದೆ. ಅದಕ್ಕೆ, "ಆಲೆಮನೆ ಹತ್ರ ಸಿಪ್ಪೆ ಒಣಗಿ ಗುಡ್ಡೆ ಬಿದ್ದಿರುತ್ತಲ್ಲ, ಅದರಲ್ಲಿ ನೀರೆಲ್ಲಿದೆ?" ಅಂದಳು.

ನನಗೆ ಮಾತು ನಿಂತುಹೋಯಿತು. ಇಪ್ಪತ್ತು ವರ್ಷದಿಂದ ಕಬ್ಬು ಬೆಳೆಯುತ್ತಿದ್ದೇನೆ, ಒಂದು ದಿನವೂ ಇದು ತಲೆಗೆ ಬಂದಿರಲಿಲ್ಲ. ಯಾರಾದರೂ ಅವಳಿಗೆ ಅರ್ಥವಾಗುವ ಹಾಗೆ ಹೇಳಿ.

ನಾಲೆಬಯಲು
ಮೊದಲು ಅವಳನ್ನ ಕೃಷಿ ಮಂತ್ರಿ ಮಾಡಿ.

ಬಸ್ಸಾರುಪ್ರಿಯ
ನೆಲ ತಗ್ಗಾಗಲ್ಲ ಅಂತ ಯಾರು ಹೇಳಿದ್ದು? ನಮ್ಮ ಗದ್ದೆ ಬದುಗಿಂತ ಎರಡು ಅಡಿ ಕೆಳಗಿದೆ. ನಮ್ಮ ತಾತನ ಕಾಲದಲ್ಲಿ ಹಿಂಗಿರಲಿಲ್ಲವಂತೆ.

ನಾಲೆಬಯಲು
ಅದು ಬೆಳೆ ತಿಂದಿದ್ದಲ್ಲ ಗುರು. ವರ್ಷ ವರ್ಷ ನೀವೇ ಮಣ್ಣು ಕೆತ್ತಿ ಬದುವಿಗೆ ಏರಿಸ್ತೀರ, ಉಳಿದಿದ್ದು ನೀರಲ್ಲಿ ಕೊಚ್ಚಿಕೊಂಡು ಹೋಗುತ್ತದೆ.

ಚಾಕ್‌ಪೀಸ್ ಮೇಷ್ಟ್ರು (ಮೈಸೂರು)
ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನು ನಾನು. ಈ ಪ್ರಶ್ನೆ ಕೇಳಿದ ಮಕ್ಕಳು ಇಬ್ಬರೋ ಮೂವರೋ ಅಷ್ಟೇ. ಮಗಳಿಗೆ ನನ್ನ ಕಡೆಯಿಂದ ಒಂದು ಮೈಸೂರ್ ಪಾಕ್ ಬಾಕಿ.

ಒಂದೇ ಮಾತಲ್ಲಿ ಹೇಳುವುದಾದರೆ, ನಿಮ್ಮ ಕಬ್ಬು ಗಾಳಿಯಿಂದ ಬಂದಿದ್ದು. ತಮಾಷೆ ಅಲ್ಲ.

40 ಟನ್‌ನಲ್ಲಿ ಹೆಚ್ಚೂಕಮ್ಮಿ 28 ಟನ್ ನೀರು. ನೀವು ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ಉಳಿದ 12 ಟನ್ ಒಣ ತೂಕ, ಅಂದರೆ ಸಕ್ಕರೆ ಮತ್ತು ನಾರು. ಮಗಳು ಕೇಳುತ್ತಿರುವುದು ಈ 12 ಟನ್ ಲೆಕ್ಕ. ಎಲೆ ಮಾಡುವ ಕೆಲಸ ಇಷ್ಟು: ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಸಣ್ಣ ತೂತುಗಳಿಂದ ಒಳಗೆ ಎಳೆದುಕೊಳ್ಳುತ್ತದೆ. ಬೇರಿನಿಂದ ಬಂದ ನೀರನ್ನು ಬಿಸಿಲಿನ ಬಲದಿಂದ ಒಡೆಯುತ್ತದೆ. ಎರಡನ್ನೂ ಕೂಡಿಸಿ ಸಕ್ಕರೆ ಕಟ್ಟುತ್ತದೆ. ಸಕ್ಕರೆಯನ್ನೇ ಉದ್ದಕ್ಕೆ ಪೋಣಿಸಿದರೆ ನಾರು. ಗ್ಲೂಕೋಸ್ ತೂಕದಲ್ಲಿ ನೂರಕ್ಕೆ 93 ಪಾಲು ಆ ಗಾಳಿಯದ್ದು, ಬರೀ 7 ಪಾಲು ನೀರಿನದ್ದು.

ಇದನ್ನೇ ನಾಲ್ಕುನೂರು ವರ್ಷದ ಹಿಂದೆ ವಾನ್ ಹೆಲ್ಮಾಂಟ್ ಎಂಬಾತ ತೂಗಿ ನೋಡಿದ್ದ. ಕುಂಡದಲ್ಲಿ ಸುಮಾರು 90 ಕೆಜಿ ಒಣ ಮಣ್ಣು ತುಂಬಿ, ಎರಡು ಚಿಲ್ಲರೆ ಕೆಜಿಯ ಒಂದು ಗಿಡ ನೆಟ್ಟ. ಐದು ವರ್ಷ ಬರೀ ನೀರು ಹಾಕಿದ. ಗಿಡ ಸುಮಾರು 77 ಕೆಜಿ ಆಯಿತು. ಮಣ್ಣನ್ನು ಒಣಗಿಸಿ ತೂಗಿದರೆ ಕಮ್ಮಿಯಾಗಿದ್ದು 60 ಗ್ರಾಂ ಕೂಡ ಇಲ್ಲ! 1648ರಲ್ಲಿ ಅವನ ಬರಹ ಅಚ್ಚಾಯಿತು, ಅವನು ಸತ್ತ ಮೇಲೆ. ಮಣ್ಣಲ್ಲ, ನೀರೇ ಮರ ಆಯಿತು ಅಂತ ಅವನ ತೀರ್ಮಾನ. ಕೂಳೆಕಬ್ಬು ಅವರೇ, ನೀವು ಮಗಳಿಗೆ ಕೊಟ್ಟ ಎರಡನೇ ಉತ್ತರ ಅದೇ. ತಪ್ಪಿದರೂ ಒಳ್ಳೆಯವರ ಜೊತೆ ತಪ್ಪಿದ್ದೀರಿ.

ಮಜಾ ಅಂದರೆ 'ಗ್ಯಾಸ್' ಎಂಬ ಪದ ಹುಟ್ಟಿಸಿದವನು ಇದೇ ಹೆಲ್ಮಾಂಟ್. ಇದ್ದಿಲು ಸುಟ್ಟರೆ ಬರುವ ಗ್ಯಾಸ್ ಬಗ್ಗೆ ಅವನಿಗೆ ಗೊತ್ತಿತ್ತು. ತನ್ನ ಗಿಡ ಅದನ್ನೇ ತಿಂದು ಬೆಳೆದದ್ದು ಮಾತ್ರ ಹೊಳೆಯಲಿಲ್ಲ.

ಕೂಳೆಕಬ್ಬು
ಮೇಷ್ಟ್ರೇ, ಅಡ್ಡಬಿದ್ದೆ. ಓದಿ ಹೇಳಿದೆ. "ಗಾಳಿಗೆ ತೂಕ ಇರುತ್ತಾ?" ಅಂತ ಹೊಸ ತಕರಾರು.

ಹೊಂಗೆನೆರಳು
ಸೈಕಲ್ ಟ್ಯೂಬಿಗೆ ಗಾಳಿ ಹೊಡೆಯುವ ಮೊದಲು ಒಂದು ಸಲ, ಹೊಡೆದ ಮೇಲೆ ಒಂದು ಸಲ ತೂಗಿಸಿ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ವ್ಯತ್ಯಾಸ ಕಾಣುತ್ತದೆ.

ಬಸ್ಸಾರುಪ್ರಿಯ
ಮೇಷ್ಟ್ರು ದೊಡ್ಡವರು, ಎದುರು ಮಾತಾಡಬಾರದು. ಆದ್ರೂ ಕೇಳ್ತೀನಿ. ಗಾಳಿಯಲ್ಲಿ ಆ ಇಂಗಾಲದ ಡೈಆಕ್ಸೈಡ್ ಇರೋದು ಎಷ್ಟು ಸ್ವಾಮಿ? ಹತ್ತು ಸಾವಿರಕ್ಕೆ ನಾಲ್ಕು ಪಾಲು ಅಂತ ಎಲ್ಲೋ ಓದಿದ ನೆನಪು. ಅಂದ್ರೆ ಹತ್ತು ಸಾವಿರ ರೂಪಾಯಲ್ಲಿ ನಾಲ್ಕು ರೂಪಾಯಿ. ಅದರಿಂದ ಎಕರೆಗೆ 12 ಟನ್ನಾ? ನಂಬೋ ಮಾತಾ?

ಚಾಕ್‌ಪೀಸ್ ಮೇಷ್ಟ್ರು
ಒಳ್ಳೆಯ ತಕರಾರು. ಲೆಕ್ಕ ಮಾಡೋಣ. ಒಂದು ಕೆಜಿ ಸಕ್ಕರೆ ಕಟ್ಟಲು ಒಂದೂವರೆ ಕೆಜಿಗೆ ಸ್ವಲ್ಪ ಮೇಲೆ ಇಂಗಾಲದ ಡೈಆಕ್ಸೈಡ್ ಬೇಕು. ಒಂದು ಘನ ಮೀಟರ್ ಗಾಳಿಯಲ್ಲಿ ಅದು ಇರುವುದು ಮುಕ್ಕಾಲು ಗ್ರಾಂ. ಹಾಗಾಗಿ ಒಂದು ಕೆಜಿ ಸಕ್ಕರೆಗೆ ಸುಮಾರು 2,000 ಘನ ಮೀಟರ್ ಗಾಳಿಯನ್ನು ಪೂರ್ತಿ ಸೋಸಬೇಕು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ರೂಮು ಅಂತ ಇಟ್ಟುಕೊಂಡರೆ 70 ರೂಮಿನ ಗಾಳಿ.

ಗಾಳಿ ನಿಂತಲ್ಲಿ ನಿಲ್ಲಲ್ಲ ಅನ್ನುವುದನ್ನು ಮರೆಯಬೇಡಿ. ಖಾಲಿಯಾದ ಗಾಳಿ ಹೋಗಿ ಹೊಸದು ಬರುತ್ತಲೇ ಇರುತ್ತದೆ. ಎಲೆಗಳೂ ಒಂದರ ಮೇಲೊಂದು ಎಷ್ಟು ಹಾಸಿರುತ್ತವೆ ನೋಡಿ, ಒಂದು ಎಕರೆ ಕಬ್ಬಿನ ಎಲೆ ಬಿಡಿಸಿ ಹರಡಿದರೆ ಹಲವು ಎಕರೆ ಮುಚ್ಚುತ್ತದೆ. ಅದೂ ಹತ್ತು ಹನ್ನೆರಡು ತಿಂಗಳ ದುಡಿಮೆ.

ನಾಲೆಬಯಲು
ಅದಕ್ಕೇ ನೋಡಿ, ಗಾಳಿ ಆಡದ ಮಧ್ಯಾಹ್ನ ಕಬ್ಬಿನ ಒಳಗೆ ಹೋದರೆ ಉಸಿರು ಕಟ್ಟಿದ ಹಾಗೆ ಆಗೋದು. ಇದ್ದಬದ್ದ ಗಾಳಿ ಎಲ್ಲ ಕಬ್ಬೇ ಕುಡಿದಿರುತ್ತೆ.

ಹೊಂಗೆನೆರಳು
ಅದು ಸೆಕೆ ಮಾರಾಯ. ಹಗಲು ಕಬ್ಬಿನೊಳಗೆ ಆಮ್ಲಜನಕಕ್ಕೆ ಬರ ಇರಲ್ಲ. ಎಲೆ ಬಿಡುವ ನೀರಾವಿ ತುಂಬಿ ಬೆವರು ಆರಲ್ಲ, ಅದಕ್ಕೆ ಹಂಗಾಗೋದು.

ಮಣ್ಣುಚೀಟಿ (ಮದ್ದೂರು)
ನನಗೊಂದು ಗೊಂದಲ. ಮಣ್ಣು ಪರೀಕ್ಷೆ ಮಾಡಿಸಿದರೆ ಚೀಟಿಯಲ್ಲಿ "ಸಾವಯವ ಇಂಗಾಲ ಕಡಿಮೆ" ಅಂತ ಬರೆದು ಕೊಡುತ್ತಾರೆ. ಗಿಡಕ್ಕೆ ಬೇಕಾದ ಇಂಗಾಲ ಎಲ್ಲ ಗಾಳಿಯಿಂದ ಬರುವುದಾದರೆ ಮಣ್ಣಿನ ಇಂಗಾಲ ಯಾಕೆ ಬೇಕು? ಇದೇ ಮಾತು ಹಿಡಿದುಕೊಂಡು ಹೋದ ವರ್ಷ ಒಬ್ಬ ನನಗೆ ಒಂದು ಬಾಟಲಿ ಕಪ್ಪು ನೀರು ಮಾರಿದ. "ಕಾರ್ಬನ್ ಟಾನಿಕ್, ಬೇರಿಗೆ ಹಾಕಿ, ಗಿಡ ನೇರ ಇಂಗಾಲ ಕುಡಿಯುತ್ತೆ" ಅಂದ. 1,200 ರೂಪಾಯಿ. ಪಕ್ಕದ ಗದ್ದೆಯವರು ಹಾಕಿರಲಿಲ್ಲ. ಅವರ ಕಬ್ಬೂ ನಮ್ಮಷ್ಟೇ ಬಂತು.

ಚಾಕ್‌ಪೀಸ್ ಮೇಷ್ಟ್ರು
1,200 ರೂಪಾಯಿಯ ಪಾಠ. ಗಿಡ ಕಟ್ಟುವ ಇಂಗಾಲ ಬರುವುದು ಎಲೆಯಿಂದ, ಬೇರಿನಿಂದ ಅಲ್ಲ. ಮಣ್ಣಿನ ಸಾವಯವ ಇಂಗಾಲ ಅಂದರೆ ಕೊಳೆತ ಎಲೆ, ಬೇರು, ಸಗಣಿ. ಅದು ಗಿಡದ ಊಟ ಅಲ್ಲ, ಮಣ್ಣಿನೊಳಗಿನ ಜೀವಿಗಳ ಊಟ. ಅದು ಇದ್ದರೆ ಮಣ್ಣು ಪುಡಿಪುಡಿಯಾಗಿ ನೀರು ಹಿಡಿಯುತ್ತದೆ, ಗೊಬ್ಬರ ಬಸಿದು ಹೋಗಲ್ಲ, ಬೇರಿಗೆ ಗಾಳಿ ಆಡುತ್ತದೆ. ಮನೆಗೆ ಗೋಡೆ, ಸೂರು ಇದ್ದ ಹಾಗೆ. ಗೋಡೆಯನ್ನು ಯಾರೂ ತಿನ್ನಲ್ಲ, ಹಾಗಂತ ಬೇಡ ಅನ್ನೋಕಾಗುತ್ತಾ?

ಮಣ್ಣುಚೀಟಿ
ಹಂಗಾದ್ರೆ ತರಗು ಸುಡಬಾರದು ಅನ್ನೋದು ಇದಕ್ಕೇ?

ಚಾಕ್‌ಪೀಸ್ ಮೇಷ್ಟ್ರು
ಇದಕ್ಕೇ. ಎಲೆ ವರ್ಷವಿಡೀ ಗಾಳಿಯಿಂದ ಹೆಕ್ಕಿ ತಂದ ಇಂಗಾಲವನ್ನು ಹತ್ತು ನಿಮಿಷದಲ್ಲಿ ವಾಪಸ್ ಗಾಳಿಗೆ ಬಿಡುತ್ತೀರಿ. ಅದರ ಜೊತೆ ಸಾರಜನಕವೂ ಹೋಗುತ್ತದೆ. ಯೂರಿಯಾಗೆ ಕೊಟ್ಟ ದುಡ್ಡು ಹೊಗೆ.

ಬಸ್ಸಾರುಪ್ರಿಯ
ಸುಡಬೇಡಿ ಅನ್ನೋದು ಸುಲಭ ಮೇಷ್ಟ್ರೇ. ಆಳು ಸಿಗಲ್ಲ. ತರಗಿನಲ್ಲಿ ಹಾವು ಇರುತ್ತೆ. ಕಡಿದ ಬುಡದಿಂದ ಮತ್ತೆ ಚಿಗುರೋ ಕೂಳೆಗೆ ನೀರು ಹಾಯಲ್ಲ. ಮೈಸೂರಲ್ಲಿ ಕೂತು ಹೇಳೋದಲ್ಲ, ಬಂದು ಒಂದು ದಿನ ತರಗು ಸಾಲಿಗೆ ಎಳೆದು ನೋಡಿ.

ಚಾಕ್‌ಪೀಸ್ ಮೇಷ್ಟ್ರು
ಒಪ್ಪಿದೆ. ಮಂಡಿ ನೋವು, ಎಳೆಯೋಕೆ ಬರಲ್ಲ. ಕಾಫಿಗೆ ಬರ್ತೀನಿ.

ಒಂಟಿಕೊಪ್ಪಲು ಗಿಡದಹುಚ್ಚಿ
ಕಬ್ಬಿನ ಮಧ್ಯೆ ನನ್ನದೊಂದು ಕುಂಡ ಇಡಲಾ? ನಮ್ಮತ್ತೆ ಬೆಡ್‌ರೂಮಿನಲ್ಲಿ ಗಿಡ ಇಡಲು ಬಿಡುತ್ತಿಲ್ಲ. "ರಾತ್ರಿ ಗಿಡ ವಿಷದ ಗಾಳಿ ಬಿಡುತ್ತೆ, ಅದಕ್ಕೇ ಹುಣಸೆಮರದ ಕೆಳಗೆ ಮಲಗಬಾರದು ಅನ್ನೋದು" ಅನ್ನುತ್ತಾರೆ. ನರ್ಸರಿಯವನು ಸ್ನೇಕ್ ಪ್ಲಾಂಟ್ ಕೊಟ್ಟು "ಇದು ರಾತ್ರಿನೂ ಆಕ್ಸಿಜನ್ ಬಿಡುತ್ತೆ ಮೇಡಂ, ಎರಡು ಇಟ್ಟರೆ ಸಾಕು" ಅಂದ. 450 ರೂಪಾಯಿ. ಅತ್ತೆ ಸರಿಯೋ ನರ್ಸರಿಯವನು ಸರಿಯೋ?

ನಾಲೆಬಯಲು
ಅತ್ತೆ ಯಾವಾಗಲೂ ಸರಿ.

ಬಯೋಟೆಕ್ ಹುಡುಗಿ (ಮಾನಸಗಂಗೋತ್ರಿ)
ಇಬ್ಬರೂ ಅರ್ಧ ಸರಿ, ಅರ್ಧ ತಪ್ಪು ಅಕ್ಕ.

ಗಿಡಕ್ಕೆ ಎರಡು ಕೆಲಸ. ಅಡುಗೆ ಮಾಡುವುದು, ಉಸಿರಾಡುವುದು. ಅಡುಗೆ ಬಿಸಿಲಿದ್ದಾಗ ಮಾತ್ರ, ಹಸಿರು ಇರುವ ಕಡೆ ಮಾತ್ರ. ಇದನ್ನು 1779ರಲ್ಲೇ ಇಂಗೆನ್‌ಹೌಸ್ ಎಂಬ ವೈದ್ಯ ತೋರಿಸಿದ. ಉಸಿರಾಟ ಹಗಲೂ ರಾತ್ರಿ, ಬೇರು ಕಾಂಡ ಹೂವು ಎಲ್ಲಕ್ಕೂ ಇರುತ್ತದೆ. ಹಗಲು ಅಡುಗೆಯ ಜೋರಿಗೆ ಉಸಿರಾಟ ಕಾಣಿಸಲ್ಲ. ರಾತ್ರಿ ಉಸಿರಾಟ ಮಾತ್ರ ಉಳಿಯುತ್ತದೆ. ಹಾಗಾಗಿ ಗಿಡ ರಾತ್ರಿ ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುವುದು ನಿಜ. ಅತ್ತೆಗೆ ಅರ್ಧ ಮಾರ್ಕ್ಸ್. ಆದರೆ ಒಂದು ಕುಂಡ ಬಿಡುವುದು ತೀರಾ ಚೂರು. ಪಕ್ಕದಲ್ಲಿ ಮಲಗಿದವರು ಬಿಡುವುದು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಗಿಡವನ್ನು ಹೊರಗೆ ಹಾಕುವುದಾದರೆ ಮೊದಲು ಭಾವನವರನ್ನು ಹೊರಗೆ ಹಾಕಬೇಕಾಗುತ್ತದೆ.

ನರ್ಸರಿಯವನ ಅರ್ಧ ಸತ್ಯ ಇದು. ಸ್ನೇಕ್ ಪ್ಲಾಂಟ್, ಕತ್ತಾಳೆ, ಅನಾನಸ್, ಕಳ್ಳಿ ಇವೆಲ್ಲ ಒಣ ನೆಲದ ಜಾಣರು. ಹಗಲು ತೂತು ತೆರೆದರೆ ನೀರು ಆವಿಯಾಗಿ ಹೋಗುತ್ತದೆ ಅಂತ ರಾತ್ರಿ ತೆರೆಯುತ್ತವೆ. ಇಂಗಾಲದ ಡೈಆಕ್ಸೈಡನ್ನು ಒಳಗೆ ಎಳೆದು ಹುಳಿಯ ರೂಪದಲ್ಲಿ ಶೇಖರಿಸಿ ಇಡುತ್ತವೆ. ಬೆಳಗ್ಗೆ ತೂತು ಮುಚ್ಚಿಕೊಂಡು ಬಿಸಿಲಲ್ಲಿ ಅದೇ ಹುಳಿಯಿಂದ ಸಕ್ಕರೆ ಮಾಡುತ್ತವೆ. ಆಮ್ಲಜನಕ ಬರುವುದು ನೀರು ಒಡೆದಾಗ, ಅದಕ್ಕೆ ಬೆಳಕು ಬೇಕೇ ಬೇಕು. ಲೈಟ್ ಆರಿಸಿದ ರೂಮಿನಲ್ಲಿ ಯಾವ ಗಿಡವೂ ಆಮ್ಲಜನಕ ಮಾಡಲ್ಲ. ಅರಳಿಮರವೂ ಅಷ್ಟೇ.

ಬಸ್ಸಾರುಪ್ರಿಯ
ಅರಳಿಮರ 24 ಗಂಟೆ ಆಕ್ಸಿಜನ್ ಬಿಡುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತಲ್ಲ?

ಬಯೋಟೆಕ್ ಹುಡುಗಿ
ವಾಟ್ಸಾಪ್‌ನಲ್ಲಿ ನಿಂಬೆಹಣ್ಣಿಂದ ಸ್ಕೂಟರ್ ಓಡುತ್ತೆ ಅಂತಲೂ ಬಂದಿತ್ತು ಅಂಕಲ್.

ಚಾಕ್‌ಪೀಸ್ ಮೇಷ್ಟ್ರು
ಹುಡುಗಿ ಹೇಳಿದ ಹುಳಿ ವಿಷಯಕ್ಕೆ ನಮ್ಮ ಸೀಮೆಯ ನಂಟಿದೆ. ಬೆಂಜಮಿನ್ ಹೈನೆ ಎಂಬ ವೈದ್ಯ ಟಿಪ್ಪು ಕಾಲವಾದ ಮೇಲೆ ನಡೆದ ಮೈಸೂರು ಸರ್ವೇಯಲ್ಲಿ ಸಸ್ಯಶಾಸ್ತ್ರಜ್ಞನಾಗಿದ್ದ. ಲಾಲ್‌ಬಾಗನ್ನೂ ಕೆಲಕಾಲ ನೋಡಿಕೊಂಡಿದ್ದ. ಅವನು ಕಾಡುಬಸಳೆ ಎಲೆ ಅಗಿದು ನೋಡಿದ. ಎಲೆಯ ಅಂಚಿನಲ್ಲಿ ಮರಿ ಹುಟ್ಟುತ್ತವಲ್ಲ, ಅದೇ ಗಿಡ. ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ. ಇದನ್ನು ಕಾಗದದಲ್ಲಿ ಬರೆದು ಲಂಡನ್ನಿಗೆ ಕಳಿಸಿದ, 1815ರಲ್ಲಿ ಅಚ್ಚಾಯಿತು. ರಾತ್ರಿ ಗಾಳಿ ಹಿಡಿದಿಡುವ ಗಿಡಗಳ ಸುಳಿವು ಸಿಕ್ಕಿದ್ದೇ ಹೀಗೆ, ನಾಲಿಗೆಯಿಂದ.

ಒಂಟಿಕೊಪ್ಪಲು ಗಿಡದಹುಚ್ಚಿ
ನಮ್ಮ ಕಾಂಪೌಂಡಿನಲ್ಲಿ ಕಾಡುಬಸಳೆ ಇದೆ! ನಾಳೆ ಬೆಳಗ್ಗೆ ಒಂದು ಚೂರು ಕಚ್ಚಿ ನೋಡ್ತೀನಿ.

ಎರಡು ಕುಂಡ ಇಟ್ಟರೆ ಒಬ್ಬರಿಗೆ ಸಾಕಾಗುವಷ್ಟು ಆಕ್ಸಿಜನ್, ಹಗಲಾದರೂ ಬರುತ್ತಾ?

ಬಯೋಟೆಕ್ ಹುಡುಗಿ
ಕಚ್ಚಿ ಉಗಿಯಿರಿ, ನುಂಗಬೇಡಿ.

ಲೆಕ್ಕ ಸುಲಭ. ಒಬ್ಬರಿಗೆ ದಿನಕ್ಕೆ ಸುಮಾರು 550 ಲೀಟರ್, ಅಂದರೆ ಮುಕ್ಕಾಲು ಕೆಜಿಗೆ ಸ್ವಲ್ಪ ಮೇಲೆ ಆಮ್ಲಜನಕ ಬೇಕು. ಗಿಡ ಅಷ್ಟು ಬಿಡಬೇಕಾದರೆ ಹೆಚ್ಚೂಕಮ್ಮಿ ಅಷ್ಟೇ ತೂಕದ ಸಕ್ಕರೆ ಕಟ್ಟಬೇಕು. ನಿಮ್ಮ ಎರಡು ಕುಂಡ ಸೇರಿ ದಿನಕ್ಕೆ ಮುಕ್ಕಾಲು ಕೆಜಿ ಒಣ ತೂಕ ಹಾಕುತ್ತಿವೆಯಾ? ಹಾಕಿದರೆ ವಾರದಲ್ಲಿ ಚಾವಣಿ ಕಿತ್ತುಕೊಂಡು ಹೋಗುತ್ತವೆ. ಕಿಟಕಿ ತೆಗೆದರೆ ಸಾಕು, ಅದಕ್ಕೆ 450 ರೂಪಾಯಿ ಕೊಡಬೇಕಿಲ್ಲ. ಚೆಂದಕ್ಕೆ ಇಡಿ, ಬೇಡ ಅನ್ನಲ್ಲ.

ಹೊಂಗೆನೆರಳು
ನಾಸಾದವರೇ ಹೇಳಿದ್ದಾರಲ್ಲ, ಮನೆಗಿಡ ಗಾಳಿ ಶುದ್ಧ ಮಾಡುತ್ತೆ ಅಂತ?

ಬಯೋಟೆಕ್ ಹುಡುಗಿ
ಅದು 1989ರ ಪ್ರಯೋಗ. ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ಬೆಂಜೀನ್‌ನಂಥ ರಾಸಾಯನಿಕ ಬಿಟ್ಟು ನೋಡಿದ್ದು, ಆಮ್ಲಜನಕದ ವಿಷಯ ಅಲ್ಲ. ಕಿಟಕಿ ಬಾಗಿಲಿರುವ ಮನೆಗೆ ಅದನ್ನ ಅಂಟಿಸೋಕಾಗಲ್ಲ.

ಮೀನುಹೊಂಡ (ಶ್ರೀರಂಗಪಟ್ಟಣ)
ರಾತ್ರಿ ಗಿಡ ಉಸಿರಾಡುವುದು ಸುಮ್ನೆ ಮಾತಲ್ಲ ಅಂತ ನಾನು ಹೇಳಬಲ್ಲೆ. ನನ್ನ ಹೊಂಡದ ನೀರು ಹೋದ ಬೇಸಿಗೆಯಲ್ಲಿ ಪಚ್ಚೆ ಬಣ್ಣಕ್ಕೆ ತಿರುಗಿತ್ತು. ಪಾಚಿ ಜಾಸ್ತಿ ಇದ್ದರೆ ಮೀನಿಗೆ ಮೇವು ಜಾಸ್ತಿ ಅಂತ ಖುಷಿಯಲ್ಲಿದ್ದೆ. ಸಗಣಿ ಬೇರೆ ಇನ್ನೊಂದು ಗಾಡಿ ಸುರಿದೆ. ಎರಡು ದಿನ ಮೋಡ. ಮೂರನೇ ದಿನ ಬೆಳಗಿನ ಜಾವ ಐದಕ್ಕೆ ಟಾರ್ಚ್ ಹಿಡಿದು ಹೋದರೆ ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಗುಟುಕು ಗುಟುಕಾಗಿ ಗಾಳಿ ಕುಡಿಯುತ್ತಿವೆ. ನೀರಿನ ಮೇಲೆ ಬರೀ ಬಾಯಿಗಳು. ಪಂಪ್ ಹಾಕಿ ನೀರು ಚಿಮ್ಮಿಸುವಷ್ಟರಲ್ಲಿ ದೊಡ್ಡ ಕಾಟ್ಲಾ ಎಲ್ಲ ಹೊಟ್ಟೆ ಮೇಲಾಗಿದ್ದವು.

ಆಮೇಲೆ ಗೊತ್ತಾಯಿತು. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿಯೆಲ್ಲ ಅದೇ ಎಳೆದುಕೊಳ್ಳುತ್ತದೆ. ಕೊಳೆಯುವ ಸಗಣಿಯೂ ಎಳೆಯುತ್ತದೆ. ಮೋಡದ ದಿನ ದುಡಿಮೆ ಕಮ್ಮಿ, ರಾತ್ರಿ ಖರ್ಚು ಅಷ್ಟೇ. ಸೂರ್ಯ ಹುಟ್ಟುವ ಮೊದಲು ನೀರಲ್ಲಿ ಗಾಳಿ ತೀರಾ ಕಮ್ಮಿ. ಈಗ ಪಚ್ಚೆ ಗಾಢವಾದರೆ ಗೊಬ್ಬರ ನಿಲ್ಲಿಸುತ್ತೇನೆ, ಮೂರು ಗಂಟೆಗೇ ಪಂಪ್ ಹಾಕುತ್ತೇನೆ.

ಕೂಳೆಕಬ್ಬು
ಅಯ್ಯೋ ಅಣ್ಣ, ಎಷ್ಟು ಹೋಯ್ತು?

ಮೀನುಹೊಂಡ
ಕೇಳಬೇಡ ಬಿಡು.

ಭತ್ತದಕಣಜ (ಪಾಂಡವಪುರ)
ನೀರಲ್ಲಿ ಗಾಳಿ ಇಲ್ಲ ಅಂದ ಮೇಲೆ ಭತ್ತ ಹೇಗೆ ಬದುಕುತ್ತದೆ ಅಂತ ಯಾರೂ ಕೇಳಲಿಲ್ಲ. ನಾನೇ ಹೇಳಿಬಿಡುತ್ತೇನೆ. ಕೆಸರಿನಿಂದ ಒಂದು ಗುತ್ತಿ ಕಿತ್ತು ಬೇರು ತೊಳೆದು ನೋಡಿ. ಚೆನ್ನಾಗಿರುವ ಬೇರಿಗೆ ತುಕ್ಕು ಬಣ್ಣ ಇರುತ್ತದೆ, ಒಳ್ಳೆ ಹಳೇ ಮೊಳೆಯ ಹಾಗೆ. ಅದು ನಿಜವಾಗಿ ತುಕ್ಕೇ. ಭತ್ತದ ಕಾಂಡ, ಬೇರಿನೊಳಗೆ ಗಾಳಿ ಕೊಳವೆಗಳಿವೆ. ಎಲೆಯ ಕಡೆಯಿಂದ ಆಮ್ಲಜನಕ ಬೇರಿನ ತನಕ ಇಳಿಯುತ್ತದೆ. ಚೂರು ಹೊರಗೂ ಸೋರುತ್ತದೆ. ಕೆಸರಲ್ಲಿರುವ ಕಬ್ಬಿಣಕ್ಕೆ ಅದು ತಾಗಿ ತುಕ್ಕು ಹಿಡಿಯುತ್ತದೆ.

ಬೇರು ಕಪ್ಪಾಗಿ ಕೊಳೆತ ಮೊಟ್ಟೆ ವಾಸನೆ ಬಂದರೆ ಕೆಟ್ಟಿತು ಅಂತ ಅರ್ಥ. ನೀರು ಬಸಿದು ನಾಲ್ಕು ದಿನ ಗದ್ದೆ ಒಣಗಿಸಿ. ನಮ್ಮಪ್ಪ ಇಷ್ಟೆಲ್ಲ ಓದಿದವರಲ್ಲ, ಆದರೆ ಗುತ್ತಿ ಕಿತ್ತು ಮೂಸಿಯೇ ಮಡೆ ಕಟ್ಟೋದು ಬಿಡೋದು ಮಾಡುತ್ತಿದ್ದರು.

ಕಬ್ಬಿಗೆ ಈ ಅನುಕೂಲ ಅಷ್ಟಿಲ್ಲ. ಜೌಗು ಗದ್ದೆಯಲ್ಲಿ ಕಬ್ಬು ಹಳದಿಯಾಗಿ ಕುಂಟುವುದು ಬೇರಿಗೆ ಉಸಿರು ಕಟ್ಟಿ.

ಒಂಟಿಕೊಪ್ಪಲು ಗಿಡದಹುಚ್ಚಿ
ಓಹ್, ನನ್ನ ಗುಲಾಬಿ ಸತ್ತಿದ್ದು ಇದಕ್ಕೇನಾ! ದಿನಕ್ಕೆ ಎರಡು ಸಲ ನೀರು ಹಾಕಿದೆ, ಕೆಳಗಿನ ತಟ್ಟೆಯಲ್ಲಿ ನೀರು ನಿಂತೇ ಇರುತ್ತಿತ್ತು. ಎಲೆ ಬಾಡಿತು ಅಂತ ಇನ್ನೂ ಹಾಕಿದೆ. ನಾನೇ ಮುಳುಗಿಸಿ ಕೊಂದೆ.

ಹೊಂಗೆನೆರಳು
ಇಷ್ಟೆಲ್ಲ ಹೇಳಿ, ಕಬ್ಬು ನೀರು ಕುಡಿಯುವ ರಾಕ್ಷಸ ಅನ್ನುವುದನ್ನು ಯಾರೂ ಹೇಳುತ್ತಿಲ್ಲ. ಮಂಡ್ಯದವರು ಕಬ್ಬು ಬಿಟ್ಟು ರಾಗಿ ಹಾಕಿ ಅಂತ ನಾನು ಎಷ್ಟು ದಿನದಿಂದ ಬಡಿದುಕೊಳ್ಳುತ್ತಿದ್ದೇನೆ.

ಬಯೋಟೆಕ್ ಹುಡುಗಿ
ಸ್ವಲ್ಪ ತಾಳಿ. ಎಲೆ ತೂತು ತೆರೆಯುವುದು ಇಂಗಾಲದ ಡೈಆಕ್ಸೈಡ್‌ಗೋಸ್ಕರ. ಬಾಗಿಲು ತೆರೆದಾಗ ಒಳಗಿನ ನೀರು ಆವಿಯಾಗಿ ಓಡಿಹೋಗುತ್ತದೆ. ಬೇರು ನೂರು ಲೀಟರ್ ಎಳೆದರೆ 97ಕ್ಕೂ ಜಾಸ್ತಿ ಹೀಗೆ ಹೋಗುತ್ತದೆ. ಎಲ್ಲ ಗಿಡಕ್ಕೂ ಇದೇ ಪೀಕಲಾಟ.

ಇದರಲ್ಲಿ ಕಬ್ಬು, ರಾಗಿ, ಜೋಳ ಮೂರೂ ಒಂದೇ ಪಂಗಡ. ಭತ್ತದ ಎಲೆಯಲ್ಲಿ ಇಂಗಾಲ ಹಿಡಿಯುವ ರುಬಿಸ್ಕೋ ಎಂಬ ಕಿಣ್ವಕ್ಕೆ ಕಣ್ಣು ಮಂದ. ಬಿಸಿಲು ಏರಿದ ಹಾಗೆ ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕವನ್ನು ಹಿಡಿದು ಮಾಡಿದ್ದರಲ್ಲಿ ಒಂದು ಪಾಲು ಹಾಳು ಮಾಡಿಕೊಳ್ಳುತ್ತದೆ. ಕಬ್ಬಿನ ಎಲೆಯಲ್ಲಿ ಎರಡು ಕೋಣೆ. ಹೊರಗಿನ ಕೋಣೆಯಲ್ಲಿ ಬೇರೆ ಕಿಣ್ವ ಗಾಳಿ ಹಿಡಿದು ಒಳಗಿನ ಕೋಣೆಗೆ ದಾಟಿಸುತ್ತದೆ. ರುಬಿಸ್ಕೋ ಕೂತಿರುವುದು ಒಳಗೆ. ಅಲ್ಲಿ ಇಂಗಾಲದ ಡೈಆಕ್ಸೈಡ್ ಕಿಕ್ಕಿರಿದಿರುತ್ತದೆ, ತಪ್ಪು ಹಿಡಿಯುವ ಪ್ರಶ್ನೆಯೇ ಇಲ್ಲ. ತೂತು ಚೂರೇ ತೆರೆದರೂ ಸಾಕು. ಇದನ್ನು ಪತ್ತೆ ಹಚ್ಚಿದ್ದೂ ಕಬ್ಬಿನಲ್ಲೇ, ಹವಾಯಿಯ ಕಬ್ಬು ಬೆಳೆಗಾರರ ಪ್ರಯೋಗಾಲಯದಲ್ಲಿ. 1966ರಲ್ಲಿ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ ಅದರ ದಾರಿ ಬಿಡಿಸಿಟ್ಟರು. ಒಂದು ಕೆಜಿ ಒಣ ತೂಕ ಕಟ್ಟಲು ಇವು ಕಳೆದುಕೊಳ್ಳುವ ನೀರು ಭತ್ತದ ಸುಮಾರು ಅರ್ಧ.

ಗರಿಕೆ, ಜೇಕು ಕೂಡ ಇದೇ ಪಂಗಡ. ಉರಿ ಬಿಸಿಲಲ್ಲಿ ನಿಮ್ಮ ಬೆಳೆ ಬಾಡಿದರೂ ಅವು ನಗುತ್ತಾ ನಿಂತಿರುತ್ತವಲ್ಲ.

ಹೊಂಗೆನೆರಳು
ಕೆಜಿ ಲೆಕ್ಕ ಬೇಡ, ಎಕರೆ ಲೆಕ್ಕ ಹೇಳಿ. ವರ್ಷ ಪೂರ್ತಿ ಗದ್ದೆಯಲ್ಲಿ ನಿಂತು ಕುಡಿಯುತ್ತದಲ್ಲ? ರಾಗಿ ನಾಲ್ಕು ತಿಂಗಳಿಗೆ ಎದ್ದು ಹೋಗುತ್ತೆ, ಅದೂ ಮಳೆಯಲ್ಲೇ.

ಬಯೋಟೆಕ್ ಹುಡುಗಿ
ಅದು ಸರಿ. ಒಪ್ಪಿದೆ.

ಭತ್ತದಕಣಜ
ರಾಗಿ ಅಂದಾಗ ಒಂದು ಮಾತು. ರಾಗಿ ಲಕ್ಷ್ಮಣಯ್ಯ ಭಾರತದ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿ ಇಂಡಾಫ್ ತಳಿ ಮಾಡಿದ್ದು ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲೇ. ನಾಲೆ ಕೆಳಗೆ ಕೂತೇ ರಾಗಿ ಬಗ್ಗೆ ತಲೆ ಕೆಡಿಸಿಕೊಂಡವರು ಇದ್ದರು.

ಬಸ್ಸಾರುಪ್ರಿಯ
ರಾಗಿ ಬೆಳೆದು ಸಾಲ ತೀರಿಸೋಕಾಗುತ್ತಾ? ಮೊದಲು ನಾಲೆಗೆ ಸರಿಯಾಗಿ ನೀರು ಬಿಡಲಿ. ಕೆಆರ್‌ಎಸ್ ತುಂಬಿದರೂ ನಮ್ಮ ಕೊನೆ ಭಾಗಕ್ಕೆ ಬರೋಷ್ಟರಲ್ಲಿ...

ನಿರ್ವಾಹಕ
ಕಾವೇರಿ ನೀರಿನ ಚರ್ಚೆಗೆ ಬೇರೆ ಕಡೆ ಜಾಗ ಇದೆ. ಅಲ್ಲಿ ಹೋಗಿ ಹೊಡೆದಾಡಿ. ಇಲ್ಲಿ ಎಲೆ, ಗಾಳಿ ಮಾತ್ರ.

ನಾಲೆಬಯಲು
ಎಲೆ ಅಂದ್ರೆ ಮೈಸೂರು ಚಿಗುರೆಲೆ. ಅಡಿಕೆ ಯಾರ ಹತ್ರ ಇದೆ?

ಕೂಳೆಕಬ್ಬು
ಒಂದು ಸಂಶಯ ನನ್ನದೇ. ಎಲೆ ಆ ಇಂಗಾಲದ ಡೈಆಕ್ಸೈಡ್‌ನಿಂದ ಇಂಗಾಲ ಇಟ್ಟುಕೊಂಡು ಆಮ್ಲಜನಕ ಉಗುಳುತ್ತದೆ, ಅದನ್ನೇ ನಾವು ಉಸಿರಾಡೋದು ಅಂತ ಮಗಳಿಗೆ ಹೇಳಿದೆ. ಸರೀನಾ?

ಚಾಕ್‌ಪೀಸ್ ಮೇಷ್ಟ್ರು
ಎಲ್ಲರೂ ಮಾಡುವ ತಪ್ಪು. ನಾನೂ ಮೊದಲ ಹತ್ತು ವರ್ಷ ಹಾಗೇ ಪಾಠ ಮಾಡಿದ್ದೆ, ದೇವರು ಕ್ಷಮಿಸಲಿ. ಹೊರಗೆ ಬರುವ ಆಮ್ಲಜನಕ ನೀರಿನದ್ದು. 1941ರಲ್ಲಿ ರೂಬೆನ್, ಕಾಮೆನ್ ಮತ್ತು ಅವರ ಜೊತೆಗಾರರು ತೂಕ ಜಾಸ್ತಿ ಇರುವ ಆಮ್ಲಜನಕವನ್ನು ಗುರುತಿಗೆ ನೀರಿನಲ್ಲಿ ಸೇರಿಸಿ ಪಾಚಿಗೆ ಕೊಟ್ಟರು. ಗುರುತಿನ ಆಮ್ಲಜನಕವೇ ಹೊರಗೆ ಬಂತು. ಅಂದರೆ ಮಗಳು ಈಗ ಒಳಗೆಳೆದ ಉಸಿರು ಯಾವತ್ತೋ ಯಾವುದೋ ಎಲೆಯೋ ಪಾಚಿಯೋ ಒಡೆದ ನೀರು.

ಬಯೋಟೆಕ್ ಹುಡುಗಿ
ಆ ತೂತುಗಳನ್ನು ಮಗಳಿಗೆ ತೋರಿಸಬೇಕಾ ಅಣ್ಣ? ಬಣ್ಣ ಇಲ್ಲದ ನೇಲ್ ಪಾಲಿಶ್ ತಗೊಳ್ಳಿ. ಮಾವಿನೆಲೆಯ ಹಿಂಬದಿಗೆ ಬೆರಳಗಲ ಹಚ್ಚಿ. ಪೂರ್ತಿ ಒಣಗಲಿ. ಮೇಲೆ ಸೆಲ್ಲೋಟೇಪ್ ಒತ್ತಿ ಮೆಲ್ಲಗೆ ಎಬ್ಬಿಸಿ. ಟೇಪನ್ನು ಗಾಜಿಗೆ ಅಂಟಿಸಿ ಶಾಲೆಯ ಮೈಕ್ರೋಸ್ಕೋಪ್ ಕೆಳಗಿಡಿ. ಎರಡು ತುಟಿ ಸೇರಿಸಿದ ಹಾಗೆ ನೂರಾರು ಬಾಯಿ ಕಾಣುತ್ತವೆ. ಆ ತುಟಿಗಳಿಗೆ ನೀರು ತುಂಬಿದರೆ ಉಬ್ಬಿ ಬಾಯಿ ತೆರೆಯುತ್ತದೆ, ನೀರು ಕಮ್ಮಿಯಾದರೆ ಸೊರಗಿ ಮುಚ್ಚಿಕೊಳ್ಳುತ್ತದೆ.

ಎಲೆಯ ಮೇಲ್ಭಾಗಕ್ಕೂ ಹಚ್ಚಿ ನೋಡಿ, ಮಾವಿನಲ್ಲಿ ಬಾಯಿ ಸಿಗಲ್ಲ. ಕಬ್ಬಿನ ಎಲೆಯಲ್ಲಿ ಎರಡೂ ಕಡೆ ಸಿಗುತ್ತವೆ, ಪೈರು ನೆಟ್ಟ ಹಾಗೆ ಸಾಲು ಸಾಲಾಗಿ.

ಕೂಳೆಕಬ್ಬು (ನಾಲ್ಕು ದಿನ ಬಿಟ್ಟು)
ವರದಿ ಒಪ್ಪಿಸುತ್ತಿದ್ದೇನೆ.

ಒಂದು: ನೇಲ್ ಪಾಲಿಶ್ ಅವಳ ಅಮ್ಮನದ್ದು, ಅರ್ಧ ಬಾಟಲಿ ಕಬ್ಬಿನ ಎಲೆಗೇ ಹೋಯಿತು. ಮನೆಯಲ್ಲಿ ಅದರ ಚರ್ಚೆ ಬೇರೆ ನಡೆಯುತ್ತಿದೆ. ಶಾಲೆಯ ಮೈಕ್ರೋಸ್ಕೋಪಿನಲ್ಲಿ ಸಾಲು ಕಂಡಿತಂತೆ. "ಅಪ್ಪ, ಎಲೆ ಒಳಗೂ ಯಾರೋ ನಾಟಿ ಮಾಡಿದ್ದಾರೆ" ಅಂದಳು.

ಎರಡು: ಮಣ್ಣಿನ ಪಾಲು ಎಷ್ಟು ಅಂತ ನೋಡಲೇಬೇಕು ಅಂತ ಹಠ. ಚೆನ್ನಾಗಿ ಒಣಗಿದ ತರಗು ಒಂದು ಕೆಜಿ ತೂಗಿ ತಗಡಿನ ಮೇಲೆ ಸುಟ್ಟೆವು. (ಮೇಷ್ಟ್ರೇ, ಒಂದೇ ಕೆಜಿ. ಬೈಬೇಡಿ.) ಬೂದಿ ಆರಿದ ಮೇಲೆ ದಿನಸಿ ಅಂಗಡಿಯ ತಕ್ಕಡಿಯಲ್ಲಿ 70 ಗ್ರಾಂ ಬಂತು. ಅಂಗಡಿಯವನು ನಮ್ಮಿಬ್ಬರನ್ನೂ ಒಂಥರಾ ನೋಡಿದ. ಉಳಿದ 930 ಗ್ರಾಂ ಕಣ್ಣೆದುರೇ ಹೊಗೆಯಾಗಿ ಹೋಯಿತು. ಬಂದ ದಾರಿಯಲ್ಲೇ ವಾಪಸ್ ಹೋಯಿತು ಅಂತ ಅವಳಿಗೆ ಹೇಳುವ ಕೆಲಸವೇ ಬೀಳಲಿಲ್ಲ.

ಚಾಕ್‌ಪೀಸ್ ಮೇಷ್ಟ್ರು
ಭೇಷ್! ತರಗಿನಲ್ಲಿ ಬೂದಿ ಕಬ್ಬಿನ ಜಲ್ಲೆಗಿಂತ ಜಾಸ್ತಿ. ಎಲೆಯಲ್ಲಿ ಸಿಲಿಕಾ ತುಂಬಿರುತ್ತದೆ, ಮರಳಿನ ಜಾತಿಯದ್ದು. ಸೋಗೆ ಎಳೆದಾಗ ಕೈ ಕುಯ್ಯುವುದು ಅದಕ್ಕೇ. ಜಲ್ಲೆ ಒಣಗಿಸಿ ಸುಟ್ಟಿದ್ದರೆ ಇದರ ಅರ್ಧವೂ ಸಿಗುತ್ತಿರಲಿಲ್ಲ. ನಿಮ್ಮ 40 ಟನ್‌ಗೆ ನೆಲ ಕೊಟ್ಟ ಪಾಲು ಕೆಲವು ನೂರು ಕೆಜಿ. ನೀವು ಹಾಕಿದ ಹತ್ತು ಮೂಟೆ ಸರಿಹೋಯಿತಲ್ಲ?

ಮಣ್ಣುಚೀಟಿ
ಸಾರಜನಕ ಬೂದಿಯಲ್ಲಿ ಬರಲ್ಲ, ಹೊಗೆಯಲ್ಲಿ ಹೋಗಿರುತ್ತೆ. ಅದೂ ನೆಲದ ಪಾಲೇ. ಲೆಕ್ಕಕ್ಕೆ ಸೇರಿಸಿ.

ಚಾಕ್‌ಪೀಸ್ ಮೇಷ್ಟ್ರು
ಸರಿ, ಸೇರಿಸಿದೆ. ಶಿಷ್ಯ ಗುರುವನ್ನೇ ಮೀರಿಸಿದ.

ಒಂಟಿಕೊಪ್ಪಲು ಗಿಡದಹುಚ್ಚಿ
ನನ್ನದೂ ವರದಿ: ಕಾಡುಬಸಳೆ ಬೆಳಗ್ಗೆ ಆರಕ್ಕೆ ಹುಳಿ ಹುಳಿ. ಸಂಜೆ ನಾಲ್ಕಕ್ಕೆ ಹುಲ್ಲು ಅಗಿದ ಹಾಗೆ. ಅತ್ತೆಯ ಕೈಲೂ ಕಚ್ಚಿಸಿದೆ. ಸ್ನೇಕ್ ಪ್ಲಾಂಟ್ ಹಾಲ್‌ಗೆ ಬಂದಿದೆ, ಬೆಡ್‌ರೂಮಿಗೆ ಇನ್ನೂ ಇಲ್ಲ.

ಬಸ್ಸಾರುಪ್ರಿಯ
ಕೂಳೆಕಬ್ಬಣ್ಣ, ಆ ಬೂದಿ ಏನು ಮಾಡಿದ್ರಿ? ಗದ್ದೆಗೆ ವಾಪಸ್ ಹಾಕಿದ್ರಾ?

ಕೂಳೆಕಬ್ಬು
ಹಾಕೋಣ ಅಂತ ತೊಟ್ಟಿ ಹತ್ತಿರ ಇಟ್ಟಿದ್ದೆ. ಅವ್ವ ಎತ್ತಿಕೊಂಡು ಹೋಗಿ ಹಿತ್ತಾಳೆ ಚೊಂಬು ಬೆಳಗಿದಳು. ಮಗಳು ಅಲ್ಲೇ ನಿಂತು "ಅಜ್ಜಿ, ಅದು ನಮ್ಮ ಗದ್ದೆ, ಚರಂಡಿಗೆ ಬಿಡಬೇಡ" ಅಂತ ಕಿರುಚುತ್ತಿದ್ದಳು.

ಈಗ ತ್ರೀ ಫೇಸ್ ಬಂತು, ಮೋಟಾರ್ ಹಾಕಿ ಬರುತ್ತೇನೆ. ಮುಂದಿನ ಪ್ರಶ್ನೆ ಕಾಯುತ್ತಿದೆ: ತೆಂಗಿನಕಾಯಿ ಒಳಗೆ ನೀರು ಯಾರು ತುಂಬಿದ್ದು?